ಮೊದಲ ಸಾಕ್ಷಿಗಳು ಹೆಂಗಸರು, ಹಾಗಾದರೆ ಸಭೆ ನಡೆಸಿದವರಲ್ಲಿ ಅವರು ಯಾಕೆ ಕಾಣುವುದಿಲ್ಲ?

ಸಂಜೆಓದು ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಬೈಬಲ್ ಓದುವ ಗುಂಪಿನಲ್ಲಿ ಯೋಹಾನನ ಸುವಾರ್ತೆಯ 20ನೇ ಅಧ್ಯಾಯ ಓದಿದ ಮೇಲೆ ಒಂದು ಪ್ರಶ್ನೆ ತಲೆಯಲ್ಲೇ ಕೂತಿದೆ. ಇನ್ನೂ ಕತ್ತಲಿರುವಾಗಲೇ ಮಗ್ದಲದ ಮರಿಯಳು ಸಮಾಧಿಗೆ ಬರುತ್ತಾಳೆ. ಪೇತ್ರ ಮತ್ತು ಇನ್ನೊಬ್ಬ ಶಿಷ್ಯ ಓಡಿ ಬಂದು, ಒಳಗೆ ನೋಡಿ, ಮನೆಗೆ ವಾಪಸ್ ಹೋಗುತ್ತಾರೆ. ಅವಳು ಹೋಗುವುದಿಲ್ಲ, ಅಳುತ್ತಾ ಅಲ್ಲೇ ನಿಲ್ಲುತ್ತಾಳೆ. ಎದ್ದುಬಂದ ಯೇಸು ಮೊದಲು ಮಾತಾಡಿಸುವುದು ಅವಳನ್ನು, "ಹೋಗಿ ನನ್ನ ಸಹೋದರರಿಗೆ ಹೇಳು" ಎಂದು ಕಳಿಸುವುದೂ ಅವಳನ್ನೇ. ಇಡೀ ನಂಬಿಕೆ ಯಾವ ಸುದ್ದಿಯ ಮೇಲೆ ನಿಂತಿದೆಯೋ ಆ ಸುದ್ದಿಯನ್ನು ಮೊದಲು ಹೇಳಿದ್ದು ಒಬ್ಬ ಹೆಂಗಸು.

ಇನ್ನು 1 ತಿಮೊಥೆಯ 2 ತೆರೆದರೆ, ಹೆಂಗಸು ಉಪದೇಶ ಮಾಡಬಾರದು, ಮೌನವಾಗಿರಬೇಕು ಎಂದಿದೆ. 1 ಕೊರಿಂಥ 15ರಲ್ಲಿ ಎದ್ದುಬಂದ ಕ್ರಿಸ್ತನನ್ನು ಕಂಡವರ ಪಟ್ಟಿ ಇದೆ. ಕೇಫ (ಅಂದರೆ ಪೇತ್ರ), ಹನ್ನೆರಡು ಮಂದಿ, ಐನೂರಕ್ಕಿಂತ ಹೆಚ್ಚು ಸಹೋದರರು, ಯಾಕೋಬ, ಎಲ್ಲ ಅಪೊಸ್ತಲರು, ಕೊನೆಗೆ ಪೌಲ. ಮರಿಯಳ ಹೆಸರೇ ಇಲ್ಲ!

ಗುಂಪಿನಲ್ಲಿ ಒಬ್ಬರು, ಸಾಕ್ಷಿ ಹೇಳುವುದೇ ಬೇರೆ, ಸಭೆ ನಡೆಸುವುದೇ ಬೇರೆ, ಎರಡನ್ನೂ ಕಲಸಬೇಡಿ ಅಂದರು. ಇನ್ನೊಬ್ಬರು, ಮೊದಲು ಎಲ್ಲ ಹೆಂಗಸರ ಕೈಯಲ್ಲೇ ಇತ್ತು, ಆಮೇಲೆ ಗಂಡಸರು ಕಿತ್ತುಕೊಂಡರು ಅಂದರು. ಎರಡೂ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಮೊದಲ ಮುನ್ನೂರು, ನಾನೂರು ವರ್ಷಗಳಲ್ಲಿ ನಿಜವಾಗಿ ಏನಿತ್ತು? ದಾಖಲೆ ಮುಂದಿಟ್ಟು ಹೇಳುವವರು ಹೇಳಿ. ಪಂಗಡದ ಜಗಳ ಬೇಡ, ದಯವಿಟ್ಟು.

ಹಳೇಹೊತ್ತಿಗೆ ಉತ್ತರ:

ಒಳ್ಳೆಯ ಪ್ರಶ್ನೆ. ಸಮಾಧಿಯ ಬೆಳಗ್ಗೆಯಿಂದಲೇ ಶುರು ಮಾಡುವ ಮೊದಲು ಎರಡು ದಿನ ಹಿಂದಕ್ಕೆ ಹೋಗಿ. ಮಾರ್ಕನ ಸುವಾರ್ತೆಯ 15ನೇ ಅಧ್ಯಾಯದ ಕೊನೆ ಮತ್ತು 16ರ ಮೊದಲನ್ನು ಒಟ್ಟಿಗೆ ಓದಿ. ಶಿಲುಬೆಯ ಹತ್ತಿರ ದೂರದಿಂದ ನೋಡುತ್ತಿದ್ದವರು ಯಾರು? ಮಗ್ದಲದ ಮರಿಯಳು, ಯಾಕೋಬನ ತಾಯಿ ಮರಿಯಳು, ಸಲೋಮೆ. ದೇಹವನ್ನು ಎಲ್ಲಿಟ್ಟರು ಎಂದು ನೋಡಿಕೊಂಡವರು? ಇಬ್ಬರು ಮರಿಯರು. ಮೂರನೇ ದಿನ ಬೆಳಗ್ಗೆ ಸುಗಂಧದ್ರವ್ಯ ಹಿಡಿದು ಬಂದವರು? ಮತ್ತೆ ಅವರೇ. ಸತ್ತದ್ದನ್ನು ಕಂಡವರು, ಹೂಳಿದ್ದನ್ನು ಕಂಡವರು, ಸಮಾಧಿ ಖಾಲಿ ಇದ್ದದ್ದನ್ನು ಕಂಡವರು ಒಬ್ಬರೇ ಆಗಿರಬೇಕು ಅಲ್ವಾ, ಇಲ್ಲದಿದ್ದರೆ ಬೇರೆ ಯಾವುದೋ ಸಮಾಧಿಗೆ ಹೋಗಿ ಬಂದಿರಿ ಎಂದು ಯಾರಾದರೂ ಹೇಳಬಹುದಿತ್ತು. ಮಾರ್ಕ ಆ ಸರಪಳಿಯನ್ನು ಬೇಕೆಂದೇ ಕಟ್ಟಿದ್ದಾನೆ ಅನ್ನುವುದು ನನ್ನ ಓದು. ಆ ಹೊತ್ತಿಗೆ ಗಂಡಸರು ಓಡಿಹೋಗಿದ್ದರು, ಅದನ್ನೂ ಮಾರ್ಕನೇ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ.

ಇವರು ಆವತ್ತು ಎಲ್ಲಿಂದಲೋ ಬಂದವರೂ ಅಲ್ಲ. ಲೂಕ 8ರ ಮೊದಲ ಮೂರು ವಚನ ನೋಡಿ. ಗಲಿಲಾಯದಿಂದಲೇ ಯೇಸುವಿನ ಜೊತೆ ಊರೂರು ತಿರುಗುತ್ತಾ, ಸ್ವಂತ ಹಣದಿಂದ ಆ ತಂಡವನ್ನು ಸಾಕಿದವರು. ಅವರಲ್ಲಿ ಯೋಹಾನ ಎಂಬಾಕೆ ಹೆರೋದನ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಕೂಜನ ಹೆಂಡತಿ. ಅರಮನೆಯ ಅಧಿಕಾರಿಯ ಹೆಂಡತಿ ಅದೇ ಹೆರೋದ ಅನುಮಾನದಿಂದ ನೋಡುತ್ತಿದ್ದ ಬೋಧಕನ ಹಿಂದೆ ನಡೆದಳು ಅಂದರೆ ಎಷ್ಟು ಧೈರ್ಯ ಬೇಕು ಯೋಚಿಸಿ.

ಇವರು ಬಂದು ಹೇಳಿದಾಗ ಅಪೊಸ್ತಲರು ನಂಬಲಿಲ್ಲ, ಸುಮ್ನೆ ಹರಟೆ ಅಂದುಕೊಂಡರು. ಅದು ಲೂಕ 24:11. ಎರಡನೇ ಶತಮಾನದ ಸೆಲ್ಸಸ್ ಎಂಬ ವಿರೋಧಿ ಇದನ್ನೇ ಹಿಡಿದು, ಅರೆಹುಚ್ಚು ಹೆಂಗಸೊಬ್ಬಳು ಕಂಡೆ ಅಂದದ್ದನ್ನು ನಂಬುತ್ತೀರಾ ಎಂದು ಕ್ರೈಸ್ತರನ್ನು ಹಂಗಿಸಿದ. ಅವನ ಮಾತು ಉಳಿದಿರುವುದು ಕ್ರೈಸ್ತ ವಿದ್ವಾಂಸ ಒರಿಗೆನ್ ಬರೆದ ಉತ್ತರದಲ್ಲಿ. ಇಷ್ಟು ಹಂಗಿಸಿಕೊಂಡರೂ ನಾಲ್ಕು ಸುವಾರ್ತೆಗಳಲ್ಲಿ ಒಂದೂ ಮಗ್ದಲದ ಮರಿಯಳ ಹೆಸರನ್ನು ಬಿಡಲಿಲ್ಲ. ಜೊತೆಗಿದ್ದವರ ಹೆಸರು ಒಂದರಿಂದ ಒಂದಕ್ಕೆ ಬದಲಾಗುತ್ತದೆ, ಅವಳದು ಮಾತ್ರ ಬದಲಾಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಯೆಹೂದ್ಯರು ಹೆಂಗಸರ ಸಾಕ್ಷಿಯನ್ನು ಒಪ್ಪುತ್ತಲೇ ಇರಲಿಲ್ಲ ಎಂದು ಎಷ್ಟೋ ಪ್ರಸಂಗಗಳಲ್ಲಿ ಹೇಳುತ್ತಾರೆ. ಮೊದಲ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಹಾಗೆ ಬರೆದದ್ದು ನಿಜ. ಆದರೆ ಗಂಡ ಸತ್ತಿದ್ದಾನೆ ಎಂದು ಒಬ್ಬಳೇ ಹೆಂಗಸು ಹೇಳಿದರೂ ಆ ವಿಧವೆ ಮತ್ತೆ ಮದುವೆಯಾಗಬಹುದು ಎಂಬ ನಿಯಮ ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿದೆ. ಸ್ಮುರ್ನದ ಒಂದು ಶಾಸನದಲ್ಲಿ ರೂಫಿನ ಎಂಬ ಯೆಹೂದಿ ಹೆಂಗಸನ್ನು ಸಭಾಮಂದಿರದ ಅಧ್ಯಕ್ಷೆ ಎಂದೇ ಕರೆದಿದ್ದಾರೆ. ಯೇಸುವನ್ನು ಮೇಲೆತ್ತಲು ಅವನ ಜನವನ್ನೇ ಕೆಳಗಿಡಬೇಕಾಗಿಲ್ಲ. ಅವನೂ ಆ ಹೆಂಗಸರೂ ಎಲ್ಲರೂ ಯೆಹೂದ್ಯರೇ.

ಪೌಲನ ಪಟ್ಟಿಯ ಬಗ್ಗೆ ಒಂದು ಮಾತು. ತನಗೆ ಬಂದದ್ದನ್ನೇ ನಿಮಗೆ ಒಪ್ಪಿಸಿದೆ ಎಂದು ಅವನೇ ಹೇಳುತ್ತಾನೆ, ಅಂದರೆ ಪಟ್ಟಿ ಅವನಿಗಿಂತ ಹಳೆಯದು. ಎಲ್ಲ ಸಭೆಗಳಿಗೂ ಗೊತ್ತಿದ್ದ ಮುಖಂಡರ ಹೆಸರು ಅದರಲ್ಲಿದೆ. ಹೆಂಗಸರನ್ನು ಬಿಟ್ಟದ್ದಕ್ಕೆ ಅಂಥದೇ ಹಂಗಿಸುವಿಕೆಯ ಭಯ ಕಾರಣ ಇರಬಹುದು ಎಂದು ಹಲವರು ಹೇಳುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಹಾಗಿದ್ದರೆ ಮರೆಮಾಡುವ ಕೆಲಸ ತುಂಬ ಬೇಗ ಶುರುವಾಯಿತು ಎಂದೂ ಒಪ್ಪಬೇಕಾಗುತ್ತದೆ.

ನೇರಮಾತು ಉತ್ತರ:

ಹಳೇಹೊತ್ತಿಗೆ ಅವರು ಹೇಳಿದ್ದೆಲ್ಲ ಒಪ್ಪುತ್ತೇನೆ, ಆದರೆ ಕೇಳಿದ ಪ್ರಶ್ನೆಗೆ ಅದು ಅರ್ಧ ಉತ್ತರ ಮಾತ್ರ. ಸಾಕ್ಷಿ ಹೌದು. ಮುಂದಾಳತ್ವ?

ಅಪೊಸ್ತಲರ ಕೃತ್ಯಗಳು 1ರಲ್ಲಿ ಯೂದನ ಜಾಗಕ್ಕೆ ಒಬ್ಬರನ್ನು ಆರಿಸುತ್ತಾರೆ. ಮೊದಲಿಂದ ಕೊನೆವರೆಗೂ ಯೇಸುವಿನ ಜೊತೆಗಿದ್ದು ಪುನರುತ್ಥಾನಕ್ಕೆ ಸಾಕ್ಷಿಯಾಗಬಲ್ಲವರು ಬೇಕು ಎಂದು ಪೇತ್ರ ಹೇಳುತ್ತಾನೆ. ಅಂಥ ಹೆಂಗಸರು ಅದೇ ಮೇಲ್ಮಹಡಿಯ ಕೋಣೆಯಲ್ಲಿ ಪ್ರಾರ್ಥನೆ ಮಾಡುತ್ತಾ ಇದ್ದರು. ಆದರೂ ಹೆಸರು ಬಂದದ್ದು ಇಬ್ಬರು ಗಂಡಸರದು. ಹನ್ನೆರಡು ಮಂದಿಯಲ್ಲಿ ಹೆಂಗಸಿಲ್ಲ. ನಮಗೆ ಸಿಕ್ಕಿರುವ ಹಳೆಯ ಬಿಷಪ್ಪರ ಪಟ್ಟಿಗಳಲ್ಲೂ ಇಲ್ಲ. ನಾನು ಹೆಂಗಸರ ಸೇವೆಯನ್ನು ಕಡಿಮೆ ಮಾಡುತ್ತಿಲ್ಲ. ಆದರೆ ಇವತ್ತಿನ ನಮ್ಮ ಆಸೆಯನ್ನು ಒಯ್ದು ಆ ಕಾಲದ ಬಾಯಲ್ಲಿ ತುರುಕಬಾರದು. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ಈಗ ಯಾರಾದರೂ ತರುತ್ತಾರೆ ಎಂದು ಗೊತ್ತು. ತನ್ನಿ, ಆದರೆ ಅಲ್ಲಿರುವಷ್ಟನ್ನೇ ಹೇಳಿ.

ಅಂಚೆಚೀಲ ಉತ್ತರ:

ತರುತ್ತೇನೆ ಬ್ರದರ್, ಅಲ್ಲಿರುವಷ್ಟನ್ನೇ ಹೇಳುತ್ತೇನೆ. ಅಲ್ಲಿರುವುದೇ ಬೇಕಾದಷ್ಟಿದೆ.

ಆ ಅಧ್ಯಾಯವನ್ನು ನಾವು ಹೆಸರುಗಳ ಪಟ್ಟಿ ಎಂದು ಹಾರಿಸಿಬಿಡುತ್ತೇವೆ. ಪೌಲ ಈ ಪತ್ರ ಬರೆದದ್ದು ಕೊರಿಂಥದಿಂದ, ಸುಮಾರು 57ರಲ್ಲಿ. ಇನ್ನೂ ತಾನು ಕಾಲಿಡದ ರೋಮಿನ ಸಭೆಗಳಿಗೆ. ಹೇಳಿ ಬರೆಸಿದ್ದು ತೆರ್ತ್ಯ ಎಂಬ ಬರಹಗಾರನ ಕೈಯಲ್ಲಿ. ಕೊನೆಯ ಅಧ್ಯಾಯದಲ್ಲಿ ಮೊದಲ ಹೆಸರು ಫೊಯಿಬೆ, ಕೊರಿಂಥದ ಪೂರ್ವದ ಬಂದರು ಕೆಂಖ್ರೆಯ ಸಭೆಯ ಸೇವಕಿ (ಡೀಕನ್). ಅವಳನ್ನು ತಕ್ಕ ಮರ್ಯಾದೆಯಿಂದ ಬರಮಾಡಿಕೊಳ್ಳಿ, ಏನು ಬೇಕೋ ಕೊಡಿ, ಅವಳು ನನಗೂ ಎಷ್ಟೋ ಜನರಿಗೂ ಆಸರೆಯಾಗಿದ್ದವಳು ಎಂದು ಬರೆಯುತ್ತಾನೆ. ಆ ಕಾಲದಲ್ಲಿ ಪತ್ರದ ಕೊನೆಗೆ ಹೀಗೆ ಒಬ್ಬರನ್ನು ಶಿಫಾರಸು ಮಾಡಿದರೆ ಸಾಮಾನ್ಯವಾಗಿ ಪತ್ರ ತಂದವರು ಅವರೇ. ಹೆಚ್ಚಿನ ವಿದ್ವಾಂಸರು ಹಾಗೇ ಓದುತ್ತಾರೆ.

ಅದು ಏನು ಅಂದರೆ ಸ್ವಲ್ಪ ಹತ್ತಿರದಿಂದ ನೋಡಿ. ಸಾಮಾನ್ಯ ಜನರಿಗೆ ಸರ್ಕಾರಿ ಅಂಚೆ ಇರಲಿಲ್ಲ, ಅದು ಚಕ್ರವರ್ತಿಯ ಕೆಲಸಕ್ಕೆ ಮಾತ್ರ. ನಂಬಿಕಸ್ತರ ಕೈಯಲ್ಲೇ ಕಳಿಸಬೇಕು. ಪಪೈರಸ್ ಸುರುಳಿ ನೀರಿಗೆ ಬಿದ್ದರೆ, ಕಳುವಾದರೆ ಮುಗಿಯಿತು. ತಲುಪಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ, ಇಲ್ಲಿ ಪೌಲ ಹೇಳಿದ್ದು ಏನು, ಇಸ್ರಾಯೇಲಿನ ಬಗ್ಗೆ ಯಾಕೆ ಹೀಗೆ ಬರೆದ ಎಂದು ಕೇಳುವವರಿಗೆ ಎದುರಿಗಿದ್ದವಳು ಅವಳು. ಪೌಲ ಅಲ್ಲಿಲ್ಲ. ಇಂದಿಗೂ ಜನ ತಲೆಕೆಡಿಸಿಕೊಳ್ಳುವ ಈ ಪತ್ರದ ಬಗ್ಗೆ ಮೊದಲ ಪ್ರಶ್ನೆಗಳಿಗೆ ಉತ್ತರ ಕೊಟ್ಟವಳು ಫೊಯಿಬೆಯೇ ಆಗಿದ್ದಿರಬೇಕು ಅನ್ನುವುದು ನನ್ನ ಊಹೆ. ಊಹೆ ಎಂದೇ ಹೇಳುತ್ತಿದ್ದೇನೆ, ಆದರೆ ಆಧಾರವಿಲ್ಲದ ಊಹೆ ಅಲ್ಲ.

ಮುಂದಿನ ಹೆಸರು ಪ್ರಿಸ್ಕ, ಅಂದರೆ ಪ್ರಿಸ್ಕಿಲ್ಲ. ಗಂಡ ಅಕ್ವಿಲ. ಗುಡಾರ ಮಾಡುವವರು. ಕ್ಲೌದಿಯ ಚಕ್ರವರ್ತಿ ಯೆಹೂದ್ಯರನ್ನು ರೋಮಿನಿಂದ ಹೊರಗಟ್ಟಿದಾಗ ಕೊರಿಂಥಕ್ಕೆ ಬಂದು ಪೌಲನಿಗೆ ಸಿಕ್ಕರು. ಹೊಸ ಒಡಂಬಡಿಕೆಯಲ್ಲಿ ಈ ಜೋಡಿ ಆರು ಸಲ ಬರುತ್ತದೆ, ನಾಲ್ಕು ಸಲ ಹೆಂಡತಿಯ ಹೆಸರೇ ಮೊದಲು. ಎಫೆಸದಲ್ಲಿ ಅಪೊಲ್ಲೋಸ ಬಂದಾಗ, ಶಾಸ್ತ್ರಗಳಲ್ಲಿ ಪ್ರವೀಣ, ದೊಡ್ಡ ಮಾತುಗಾರ, ಅವನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದವರು ಇವರಿಬ್ಬರೂ. ಇವರ ಮನೆಯಲ್ಲೇ ಸಭೆ ಕೂಡುತ್ತಿತ್ತು.

ಇನ್ನು ಮರಿಯಳು, ತ್ರುಫೈನ, ತ್ರುಫೋಸ, ಪೆರ್ಸೀಸ. ಪ್ರಯಾಸಪಟ್ಟವರು ಎಂದು ಈ ಅಧ್ಯಾಯದಲ್ಲಿ ಪೌಲ ಹೇಳುವುದು ಈ ನಾಲ್ವರನ್ನು ಮಾತ್ರ, ನಾಲ್ವರೂ ಹೆಂಗಸರು. ತನ್ನ ಸ್ವಂತ ಸೇವೆಯ ಬಗ್ಗೆ ಹೇಳುವಾಗಲೂ ಬೇರೆ ಕಡೆ ಅವನು ಇದೇ ಮಾತು ಬಳಸುತ್ತಾನೆ.

ಮತ್ತು ಯೂನ್ಯ. ಅಂದ್ರೋನಿಕನ ಜೊತೆ ಹೆಸರಿದೆ. ಪೌಲನ ಜೊತೆ ಸೆರೆಯಲ್ಲಿದ್ದವಳು, ಅವನಿಗಿಂತ ಮೊದಲೇ ಕ್ರಿಸ್ತನಲ್ಲಿದ್ದವಳು, ಅಪೊಸ್ತಲರಲ್ಲಿ ಹೆಸರುವಾಸಿ. ಹೆಂಗಸಿಗೆ ಅಪೊಸ್ತಲ ಎನ್ನುವುದು ಸರಿಹೋಗದೆ ಮುಂದೆ ಎಷ್ಟೋ ಜನ ಅವಳನ್ನು ಗಂಡಸು ಮಾಡಿಬಿಟ್ಟರು. ಗ್ರೀಕ್ ಹೊಸ ಒಡಂಬಡಿಕೆಯ ಬಹಳ ಬಳಕೆಯಲ್ಲಿರುವ ಮುದ್ರಣದಲ್ಲಿ 1927ರಿಂದ ಗಂಡು ಹೆಸರೇ ಇತ್ತು, 1998ರಲ್ಲಿ ಮತ್ತೆ ಹೆಣ್ಣು ಹೆಸರು ಬಂತು. ಆ ಗಂಡು ಹೆಸರು ಹೊತ್ತ ಒಬ್ಬನೇ ಒಬ್ಬ ಮನುಷ್ಯ ಪ್ರಾಚೀನ ರೋಮಿನ ಶಾಸನಗಳಲ್ಲಿ ಸಿಕ್ಕಿಲ್ಲ, ಯೂನ್ಯ ಎಂಬ ಹೆಂಗಸರು ಇನ್ನೂರೈವತ್ತಕ್ಕೂ ಜಾಸ್ತಿ ಸಿಕ್ಕಿದ್ದಾರೆ. ಗ್ರೀಕ್ ತಾಯ್ನುಡಿಯ ಯೋಹಾನ ಕ್ರಿಸೊಸ್ತೊಮ್, ನಾಲ್ಕನೇ ಶತಮಾನದವನು, ಹೆಂಗಸರ ವಿಷಯದಲ್ಲಿ ಧಾರಾಳಿಯೇನಲ್ಲ, ಅವನೇ ಈಕೆಯನ್ನು ಅಪೊಸ್ತಲ ಎನ್ನಿಸಿಕೊಳ್ಳಲು ಈ ಹೆಂಗಸಿನ ಜ್ಞಾನ ಎಷ್ಟು ದೊಡ್ಡದಿರಬೇಕು ಎಂದು ಹೊಗಳುತ್ತಾನೆ. ಅವಳು ಅಪೊಸ್ತಲರಲ್ಲಿ ಒಬ್ಬಳೋ ಅಪೊಸ್ತಲರಿಗೆ ಪರಿಚಿತಳೋ ಎಂಬ ವಾದ ಇನ್ನೂ ಇದೆ. ನಾನು ಕ್ರಿಸೊಸ್ತೊಮನ ಕಿವಿಯನ್ನೇ ನಂಬುತ್ತೇನೆ.

ಇಷ್ಟೂ ಒಂದೇ ಅಧ್ಯಾಯ. ಯಾರನ್ನೂ ಪೌಲ "ಹೆಂಗಸಾಗಿದ್ದರೂ" ಎಂದು ಪರಿಚಯ ಮಾಡುವುದಿಲ್ಲ. ನನಗೆ ಇದೇ ದೊಡ್ಡದು. ಅವನಿಗೆ ಇದು ಮಾಮೂಲಿ ವಿಷಯ.

ನೇರಮಾತು ಉತ್ತರ:

ಸಿಸ್ಟರ್, ಚೆನ್ನಾಗಿ ಬರೆದಿದ್ದೀರಿ. ಫೊಯಿಬೆ, ಪ್ರಿಸ್ಕಿಲ್ಲರ ವಿಷಯದಲ್ಲಿ ನನಗೆ ತಕರಾರಿಲ್ಲ. ಆದರೆ ಅದೇ ಪೌಲನ ಹೆಸರಿನ ಪತ್ರದಲ್ಲಿ 1 ತಿಮೊಥೆಯ 2:12 ಇದೆಯಲ್ಲ, 1 ಕೊರಿಂಥ 14:34 ಇದೆಯಲ್ಲ. ಅವನ್ನು ಏನು ಮಾಡುತ್ತೀರಿ? ಬೇಡವಾದ ವಚನವನ್ನು ಬಿಟ್ಟು ಓದುವುದು ನನ್ನಿಂದ ಆಗುವುದಿಲ್ಲ.

ಅಂಚೆಚೀಲ ಉತ್ತರ:

ಬಿಡಬೇಡಿ. ಒಟ್ಟಿಗೆ ಓದಿ. 1 ಕೊರಿಂಥ 11:5ರಲ್ಲಿ ಹೆಂಗಸರು ಸಭೆಯಲ್ಲಿ ಪ್ರಾರ್ಥಿಸುವಾಗ, ಪ್ರವಾದಿಸುವಾಗ ತಲೆ ಮುಚ್ಚಿಕೊಳ್ಳಬೇಕು ಎಂದು ಹೇಳುತ್ತಾನೆ, ಅಂದರೆ ಬಾಯಿಬಿಟ್ಟು ಪ್ರವಾದಿಸುತ್ತಿದ್ದರು, ಅವನು ನಿಲ್ಲಿಸಲಿಲ್ಲ. ಮೂರೇ ಅಧ್ಯಾಯದ ಮೇಲೆ ಸುಮ್ಮನಿರಿ ಅನ್ನುತ್ತಾನೆ. ಹಾಗಾದರೆ ಆ ಸುಮ್ಮನಿರಿ ಎಲ್ಲ ಮಾತಿಗೂ ಅಲ್ಲ, ಕೂಟದ ನಡುವೆ ನಡೆಯುತ್ತಿದ್ದ ಯಾವುದೋ ಗಲಾಟೆಗೆ ಎಂದು ಕೆಲವರು. ಆ ಎರಡು ವಚನ ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 40ನೇ ವಚನದ ಆಚೆ ಇದೆ, ಆದ್ದರಿಂದ ಮೂಲದಲ್ಲಿ ಇರಲೇ ಇಲ್ಲ, ಯಾರೋ ಅಂಚಿನಲ್ಲಿ ಬರೆದದ್ದು ಒಳಗೆ ಬಂತು ಎಂದು ಇನ್ನು ಕೆಲವರು. ತಿಮೊಥೆಯನ ಪತ್ರ ಪೌಲನ ನಂತರದ ತಲೆಮಾರಿನದು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ನೀವು ಅದನ್ನು ಒಪ್ಪದೇ ಇರಬಹುದು. ಒಪ್ಪದಿದ್ದರೂ ಎಫೆಸದಲ್ಲಿ ಪ್ರಿಸ್ಕಿಲ್ಲ ಕಲಿಸಿದ್ದನ್ನು ಅಳಿಸಲಾಗುವುದಿಲ್ಲ, ತಿಮೊಥೆಯ ಇದ್ದ ಊರೂ ಎಫೆಸವೇ.

ಸಂಜೆಓದು ಉತ್ತರ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇದು ಬೈಬಲಿನ ಒಳಗಿನದಾಯಿತು. ಅದರ ನಂತರ? ಎರಡನೇ, ಮೂರನೇ ಶತಮಾನದ ಹೆಂಗಸರ ಬಗ್ಗೆ ಹೊರಗಿನ ದಾಖಲೆ ಏನಾದರೂ ಇದೆಯಾ? ಮತ್ತೆ ಈ ಬಾಗಿಲು ಮುಚ್ಚಿದ್ದು ಯಾವಾಗ?

ಕಲ್ಲಕ್ಷರ ಉತ್ತರ:

ಇದೆ, ಮತ್ತು ಕೆಲವು ವಿರೋಧಿಗಳ ಕೈಬರಹದಲ್ಲೇ ಇದೆ, ಅದಕ್ಕೇ ನಂಬಬಹುದು.

ಸುಮಾರು 112ರಲ್ಲಿ ಬಿಥೂನ್ಯ ಪ್ರಾಂತದ ರಾಜ್ಯಪಾಲ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದ. ಈ ಕ್ರೈಸ್ತರು ಏನು ಮಾಡುತ್ತಾರೆ ಎಂದು ತಿಳಿಯಬೇಕಿತ್ತು ಅವನಿಗೆ. ಯಾರನ್ನು ಹಿಡಿದು ಹಿಂಸೆ ಕೊಟ್ಟು ಕೇಳಿದ ಗೊತ್ತಾ? ಇಬ್ಬರು ದಾಸಿಯರನ್ನು. ಅವರನ್ನು ಸಭೆಯವರು ಸೇವಕಿಯರು ಎಂಬ ಪದವಿಯಿಂದ ಕರೆಯುತ್ತಾರೆ ಎಂದು ಅವನೇ ಬರೆದಿದ್ದಾನೆ. ಅವರ ಹೆಸರನ್ನೂ ಅವನು ಬರೆಯಲಿಲ್ಲ. ಸಮಾಜದ ಲೆಕ್ಕದಲ್ಲಿ ತೀರ ಕೆಳಗಿದ್ದ ಇಬ್ಬರು ಹೆಂಗಸರು ಆ ಊರಿನ ಸಭೆಯಲ್ಲಿ ಜವಾಬ್ದಾರಿಯ ಸ್ಥಾನದಲ್ಲಿದ್ದರು. ಅವನಿಗೆ ಅವರಿಂದ ಸಿಕ್ಕಿದ್ದು "ಅತಿಯಾದ ಮೂಢನಂಬಿಕೆ" ಅಷ್ಟೇ, ಅಂದರೆ ಅವರು ಯಾವ ಅಪರಾಧವನ್ನೂ ಒಪ್ಪಿಕೊಳ್ಳಲಿಲ್ಲ.

177ರಲ್ಲಿ ನಂಬಿಕೆಗಾಗಿ ಹಿಂಸೆಗೆ ಸಿಕ್ಕ ಲಿಯೋನ್ ಪಟ್ಟಣದ ಬ್ಲಾಂದಿನ. ಅವಳೂ ದಾಸಿ. ಇವಳ ದೇಹ ದುರ್ಬಲ, ತಡೆಯಲಾರದೆ ನಂಬಿಕೆ ಬಿಟ್ಟುಬಿಟ್ಟಾಳು ಎಂದು ಅವಳ ಯಜಮಾನಿಯೇ, ಆಕೆಯೂ ಕ್ರೈಸ್ತಳು, ಹೆದರಿದ್ದಳು. ಆದರೆ ಹಿಂಸೆ ಕೊಟ್ಟವರೇ ಸುಸ್ತಾದರು. ಕಂಬಕ್ಕೆ ಕಟ್ಟಿದಾಗ ಜೊತೆಯವರಿಗೆ ತಮ್ಮ ಆ ಸಹೋದರಿಯಲ್ಲಿ ಶಿಲುಬೆಗೇರಿದ ಕ್ರಿಸ್ತನೇ ಕಂಡ ಎಂದು ಅಲ್ಲಿಯ ಸಭೆ ಬರೆದ ಪತ್ರದಲ್ಲಿದೆ, ಸಭೆಯ ಇತಿಹಾಸ ಬರೆದ ಯುಸೇಬಿಯಸ್ ಅದನ್ನು ಉಳಿಸಿದ್ದಾನೆ.

ಕಲ್ಲಿನ ದಾಖಲೆಯೂ ಇದೆ. 2005ರಲ್ಲಿ ಮೆಗಿದ್ದೋದ ಹತ್ತಿರ ಒಂದು ಜೈಲಿನ ಆವರಣದಲ್ಲಿ ಅಗೆಯುವಾಗ ಸುಮಾರು 230ರ ಕ್ರೈಸ್ತ ಪ್ರಾರ್ಥನಾಕೋಣೆಯ ನೆಲ ಸಿಕ್ಕಿತು, ಬಣ್ಣದ ಸಣ್ಣ ಕಲ್ಲುಗಳ ಚಿತ್ರ. ಅದರಲ್ಲಿ ಒಂದು ಸಾಲು: ದೇವರನ್ನು ಪ್ರೀತಿಸುವ ಅಕೆಪ್ಟೂಸ್ ಈ ಮೇಜನ್ನು ದೇವರಾದ ಯೇಸು ಕ್ರಿಸ್ತನಿಗೆ ನೆನಪಿನ ಕಾಣಿಕೆಯಾಗಿ ಕೊಟ್ಟಳು. ಇನ್ನೊಂದು ಕಡೆ ಪ್ರಿಮಿಲ್ಲ, ಕಿರಿಯಾಕ, ದೊರೊಥೆಯ, ಕ್ರೆಸ್ಟೆ ಎಂಬ ನಾಲ್ವರು ಹೆಂಗಸರನ್ನು ನೆನಪಿಡಿ ಎಂದಿದೆ. ಸಭೆ ಸುತ್ತ ಕೂಡುವ ಮೇಜನ್ನೇ ಕೊಟ್ಟವಳು ಅವಳು. ಜೆರುಸಲೇಮಿನಲ್ಲಿ ಎಣ್ಣೆಮರಗಳ ಗುಡ್ಡದ ಮೇಲೆ ಸಿಕ್ಕ ಇನ್ನೊಂದು ಸಮಾಧಿಕಲ್ಲಿನಲ್ಲಿ ಸೋಫಿಯ ಎಂಬ ಸೇವಕಿಯನ್ನು "ಎರಡನೇ ಫೊಯಿಬೆ" ಎಂದು ಕರೆದಿದ್ದಾರೆ. ಅಂದರೆ ಮುನ್ನೂರು ವರ್ಷ ಆದ ಮೇಲೂ ಫೊಯಿಬೆ ಒಂದು ಮಾದರಿ, ಅವಳ ಜಾಗದಲ್ಲಿ ನಿಂತವರು ಇದ್ದರು.

ಈಗ ಬಾಗಿಲು ಮುಚ್ಚಿದ್ದು ಯಾವಾಗ ಎಂಬುದಕ್ಕೆ. ಒಂದೇ ದಿನ ಮುಚ್ಚಲಿಲ್ಲ, ಒಬ್ಬರು ಮುಚ್ಚಲಿಲ್ಲ. ನನ್ನ ಪ್ರಕಾರ ದೊಡ್ಡ ಕಾರಣ ಮನೆ. ಮೊದಲ ಸಭೆಗಳು ಕೂಡಿದ್ದು ಮನೆಗಳಲ್ಲಿ. ಫಿಲಿಪ್ಪಿಯ ಲುದ್ಯ, ಥುವತೈರದ ನೇರಳೆ ಬಟ್ಟೆಯ ವ್ಯಾಪಾರಿ, ಅವಳ ಮನೆ. ಕೊಲೊಸ್ಸೆಯವರ ಪತ್ರದ ನುಂಫಳ ಮನೆ. ಜೆರುಸಲೇಮಿನಲ್ಲಿ ಮಾರ್ಕನ ತಾಯಿ ಮರಿಯಳ ಮನೆ. ಮನೆಯಲ್ಲಿ ಯಾರನ್ನು ಒಳಗೆ ಕರೆಯಬೇಕು, ಯಾರು ಎಲ್ಲಿ ಕೂರಬೇಕು, ಊಟ ಹೇಗೆ ಹಂಚಬೇಕು ಎಂದು ನಿರ್ಧರಿಸುವವಳು ಮನೆಯೊಡತಿ. ಆ ಊಟವೇ ಕರ್ತನ ಭೋಜನ. ಆಕೆಗೆ ಮುಂದಾಳತ್ವವನ್ನು ಯಾರೂ ಕೊಡಬೇಕಾಗಿರಲಿಲ್ಲ. ಸಭೆ ಬೆಳೆದು, ಬಿಷಪ್ ಒಬ್ಬನ ಕೈಗೆ ಕೆಲಸ ಬಂದು, ಆಮೇಲೆ 313ರಲ್ಲಿ ಕಾನ್‌ಸ್ಟಂಟೈನ್ ಕಾಲದಲ್ಲಿ ಕಾನೂನಿನ ಒಪ್ಪಿಗೆ ಸಿಕ್ಕಿ ಬಸಿಲಿಕಾ ಎಂಬ ದೊಡ್ಡ ಸಾರ್ವಜನಿಕ ದೇವಾಲಯಗಳು ಎದ್ದಾಗ ಸಭೆ ಬೀದಿಗೆ ಬಂತು. ರೋಮನ್ ಲೋಕದಲ್ಲಿ ಮನೆ ಹೆಂಗಸಿನದು, ಬೀದಿಯ ಅಧಿಕಾರ ಗಂಡಸಿನದು. ಸಭೆ ಅದನ್ನೇ ತನ್ನದಾಗಿಸಿಕೊಂಡಿತು.

ಪೂರ್ವದಲ್ಲಿ ಸೇವಕಿಯರ ಹುದ್ದೆ ಬಹಳ ಕಾಲ ಉಳಿಯಿತು. ಮೂರನೇ ಶತಮಾನದ ಸಿರಿಯಾದ ಸಭಾನಿಯಮದ ಪುಸ್ತಕದಲ್ಲಿ ಬಿಷಪ್ ದೇವರ ಸ್ಥಾನದಲ್ಲಿ, ಸೇವಕ ಕ್ರಿಸ್ತನ ಸ್ಥಾನದಲ್ಲಿ, ಸೇವಕಿ ಪವಿತ್ರಾತ್ಮನ ಸ್ಥಾನದಲ್ಲಿ ಇದ್ದಾರೆ ಎಂದು ಗೌರವಿಸಿ ಎಂದಿದೆ. ದೀಕ್ಷಾಸ್ನಾನದ ಹೊತ್ತಿಗೆ ಹೆಂಗಸರ ಮೈಗೆ ಎಣ್ಣೆ ಹಚ್ಚುವುದು, ಕ್ರೈಸ್ತರಲ್ಲದ ಮನೆಗಳ ಒಳಗಿದ್ದ ವಿಶ್ವಾಸಿ ಹೆಂಗಸರನ್ನು ಹೋಗಿ ನೋಡುವುದು, ಕಾಯಿಲೆಯವರನ್ನು ನೋಡಿಕೊಳ್ಳುವುದು ಇವರ ಕೆಲಸ. ಅದೇ ಪುಸ್ತಕ ಹೆಂಗಸರು ದೀಕ್ಷಾಸ್ನಾನ ಕೊಡಬಾರದು ಎಂದೂ ಹೇಳುತ್ತದೆ, ಅದನ್ನೂ ಮರೆಮಾಡಬಾರದು. 451ರಲ್ಲಿ ಖಾಲ್ಸೆದೋನಿನಲ್ಲಿ ಕೂಡಿದ ಬಿಷಪ್ಪರ ಮಹಾಸಭೆಯಲ್ಲಿ ಸೇವಕಿಗೆ ನಲವತ್ತು ವರ್ಷ ಆಗಿರಬೇಕು ಎಂದು ನಿಯಮವಾಯಿತು. 535ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಕಾನ್‌ಸ್ಟಾಂಟಿನೋಪಲಿನ ಮಹಾ ದೇವಾಲಯಕ್ಕೆ 60 ಪಾದ್ರಿಗಳು, 100 ಸೇವಕರು, 40 ಸೇವಕಿಯರು ಎಂದು ಮಿತಿ ಹಾಕಿದ, ಅದಕ್ಕೂ ಮುಂಚೆ ಜಾಸ್ತಿಯೇ ಇದ್ದಿರಬೇಕು. ಪಶ್ಚಿಮದಲ್ಲಿ 441ರಲ್ಲಿ ಒರಾಂಜಿನಲ್ಲಿ ಕೂಡಿದ ಬಿಷಪ್ಪರ ಸಭೆ ಇನ್ನು ಸೇವಕಿಯರನ್ನು ನೇಮಿಸಬೇಡಿ ಅಂದಿತು. ದೊಡ್ಡವರಾದ ಮೇಲೆ ನಂಬಿಕೆಗೆ ಬರುವವರು ಕಡಿಮೆಯಾಗಿ ಶಿಶುಗಳಿಗೇ ದೀಕ್ಷಾಸ್ನಾನ ಕೊಡುವುದು ಹೆಚ್ಚಾದಾಗ ಪೂರ್ವದಲ್ಲೂ ಆ ಹುದ್ದೆಯ ಮುಖ್ಯ ಕೆಲಸವೇ ಹೋಯಿತು.

ಇನ್ನೊಂದು ಮಾತು. 494ರಲ್ಲಿ ಪೋಪ್ ಗೆಲಾಸಿಯಸ್ ದಕ್ಷಿಣ ಇಟಲಿಯ ಬಿಷಪ್ಪರಿಗೆ, ಹೆಂಗಸರು ಬಲಿಪೀಠದ ಹತ್ತಿರ ಸೇವೆ ಮಾಡುತ್ತಿದ್ದಾರಂತೆ, ನೀವು ಹೇಗೆ ಬಿಟ್ಟಿರಿ ಎಂದು ಸಿಟ್ಟಿನಿಂದ ಬರೆದ. ಅಷ್ಟು ತಡವಾಗಿಯೂ ನಡೆಯುತ್ತಿತ್ತು ಅಂತಾಯಿತಲ್ಲ, ಬಿಷಪ್ಪರ ಒಪ್ಪಿಗೆಯಿಂದಲೇ.

ನೇರಮಾತು ಉತ್ತರ:

ಮನೆಯಿಂದ ಬೀದಿಗೆ ಎಂಬ ವಿವರಣೆ ನನಗೆ ಹಿಡಿಸಿತು, ಆದರೆ ಅದೊಂದೇ ಸಾಲದು. ಮೇಲೆ ಮಾತಾಡಿದ ತಿಮೊಥೆಯನ ಪತ್ರ ಬಸಿಲಿಕಾಗಳಿಗಿಂತ ಇನ್ನೂರು ವರ್ಷ ಹಳೆಯದು, ಆಗ ಇನ್ನೂ ಮನೆಸಭೆಗಳೇ. ಮನೆಯ ಒಳಗೂ ಎಳೆದಾಟ ಇತ್ತು ಅನ್ನಬೇಕು. ಎರಡನೇ ಶತಮಾನದಲ್ಲಿ ಏಷ್ಯಾ ಮೈನರಿನ ಫ್ರುಗ್ಯದಲ್ಲಿ ಪ್ರವಾದಿ ಎನಿಸಿಕೊಂಡ ಮೊಂಟಾನಸನ ಜೊತೆ ಪ್ರಿಸ್ಕಿಲ್ಲ (ಪೌಲನ ಕಾಲದವಳಲ್ಲ, ಇನ್ನೊಬ್ಬಳು), ಮಕ್ಸಿಮಿಲ್ಲ ಎಂಬ ಪ್ರವಾದಿನಿಯರು ಎದ್ದು, ಅವರ ಮಾತಿಗೆ ಜನ ಹರಿದುಬಂದಾಗ ಬಿಷಪ್ಪರು ಹೆದರಿದರು. ಅದಾದ ಮೇಲೆ ಹೆಣ್ಣು ಪ್ರವಾದಿಸಿದರೆ ಅನುಮಾನದಿಂದ ನೋಡುವುದು ಹೆಚ್ಚಾಯಿತು. ಫಿಲಿಪ್ಪನ ನಾಲ್ವರು ಹೆಣ್ಣುಮಕ್ಕಳು ಪ್ರವಾದಿಸುತ್ತಿದ್ದದ್ದನ್ನು ಕೃತ್ಯಗಳು ಸಹಜವಾಗಿ ಬರೆಯುತ್ತದೆ, ನೂರಿಪ್ಪತ್ತು ವರ್ಷದ ಮೇಲೆ ಅದೇ ಸಹಜವಾಗಿ ಉಳಿದಿರಲಿಲ್ಲ. ಬಿಷಪ್ ಪದವಿಯ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ಆದರೆ ಸಾಕ್ಷಿ ಬೇರೆ, ಮುಂದಾಳತ್ವ ಬೇರೆ ಎಂದು ಗೆರೆ ಎಳೆದವರು ಈ ದಾಖಲೆಗಳನ್ನು ಓದಿಲ್ಲ ಎಂದು ಮಾತ್ರ ಒಪ್ಪುತ್ತೇನೆ.

ಹಳೇಹೊತ್ತಿಗೆ ಉತ್ತರ:

ಆ ಗೆರೆ ನಿಲ್ಲುವುದಿಲ್ಲ ಎನ್ನುವುದಕ್ಕೆ ಪೆರ್ಪೆತುವಳ ಬರಹಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. 203ರ ಮಾರ್ಚ್ 7ರಂದು ಉತ್ತರ ಆಫ್ರಿಕಾದ ಕಾರ್ತೇಜಿನಲ್ಲಿ ನಂಬಿಕೆಗಾಗಿ ಸತ್ತಳು. ಸುಮಾರು ಇಪ್ಪತ್ತೆರಡು ವರ್ಷ, ಹಾಲು ಕುಡಿಯುವ ಮಗು. ಸೆರೆಮನೆಯಲ್ಲಿ ಕೂತು ತಾನೇ ಬರೆದ ಪುಟಗಳು ನಮಗೆ ಉಳಿದಿವೆ. ಅಪ್ಪ ಬಂದು ನಂಬಿಕೆ ಬಿಡು ಎಂದು ಗೋಗರೆದಾಗ, ಅಲ್ಲಿ ಬಿದ್ದಿದ್ದ ನೀರಿನ ಪಾತ್ರೆ ತೋರಿಸಿ, ಅಪ್ಪಾ, ಇದನ್ನು ಪಾತ್ರೆ ಅನ್ನದೆ ಬೇರೆ ಹೆಸರಲ್ಲಿ ಕರೆಯಲಾಗುತ್ತದೆಯೇ, ಹಾಗೇ ನಾನು ಕ್ರೈಸ್ತಳಲ್ಲದೆ ಬೇರೇನೂ ಅಲ್ಲ ಅನ್ನುತ್ತಾಳೆ. ಜೊತೆಗೆ ಫೆಲಿಸಿತ ಎಂಬ ದಾಸಿ, ತುಂಬು ಗರ್ಭಿಣಿ, ಸೆರೆಯಲ್ಲೇ ಎಂಟನೇ ತಿಂಗಳಲ್ಲಿ ಹೆತ್ತಳು, ಆ ಹೆಣ್ಣುಮಗುವನ್ನು ಒಬ್ಬ ಕ್ರೈಸ್ತ ಸಹೋದರಿ ಸಾಕಿದಳು.

ಜನ ಗಮನಿಸದ ಒಂದು ಭಾಗ ಇದೆ. ಜೊತೆಗೆ ಸೆರೆಯಲ್ಲಿದ್ದ ಸತೂರಸ್ ಕಂಡ ದರ್ಶನ. ಪರಲೋಕದ ಬಾಗಿಲಿನ ಹೊರಗೆ ಅವರ ಬಿಷಪ್ ಒಪ್ತಾತಸ್ ಒಂದು ಕಡೆ, ಉಪದೇಶಕನಾದ ಹಿರಿಯ ಅಸ್ಪಾಸಿಯಸ್ ಇನ್ನೊಂದು ಕಡೆ, ಮನಸ್ತಾಪದಿಂದ ಮುಖ ಬಾಡಿಸಿಕೊಂಡು ನಿಂತಿದ್ದಾರೆ. ಇಬ್ಬರೂ ಬಂದು ಸತೂರಸ್ ಮತ್ತು ಪೆರ್ಪೆತುವಳ ಕಾಲಿಗೆ ಬಿದ್ದು, ನಮ್ಮಿಬ್ಬರನ್ನು ರಾಜಿ ಮಾಡಿಸಿ ಅನ್ನುತ್ತಾರೆ. ನೀವು ನಮ್ಮ ಬಿಷಪ್ ಅಲ್ಲವೇ, ನಮ್ಮ ಕಾಲಿಗೆ ಬೀಳುವುದೇ ಎಂದು ಇವರು ಎಬ್ಬಿಸಿ ಅಪ್ಪಿಕೊಳ್ಳುತ್ತಾರೆ, ಪೆರ್ಪೆತುವ ಅವರ ಜೊತೆ ಗ್ರೀಕಿನಲ್ಲಿ ಮಾತಾಡತೊಡಗುತ್ತಾಳೆ. ಕನಸೇ ಇರಬಹುದು. ಆದರೆ ಆ ಸಭೆಯ ಜನರಿಗೆ ಸಾಕ್ಷಿಗಾಗಿ ಸೆರೆಗೆ ಹೋದ ಹೆಂಗಸಿನ ಮಾತಿಗೆ ಬಿಷಪ್ಪನಿಗಿಂತ ತೂಕ ಜಾಸ್ತಿ ಎಂದು ಅನ್ನಿಸಿದ್ದಕ್ಕೇ ಅದನ್ನು ಬರೆದಿಟ್ಟು ಓದಿದರು.

ನಂತರದ ಕಾಲದಲ್ಲಿ ಇದು ಹೇಗೆ ಬದಲಾಯಿತು ಎಂದು ನೋಡಬೇಕಾದರೆ ರೋಮಿನ ಮಾರ್ಸೆಲ್ಲಳನ್ನು ನೋಡಿ, 410ರಲ್ಲಿ ಸತ್ತವಳು. ಬೈಬಲನ್ನು ಲ್ಯಾಟಿನ್‌ಗೆ ಅನುವಾದಿಸಿದ ಜೆರೋಮ್ ರೋಮ್ ಬಿಟ್ಟ ಮೇಲೆ ಶಾಸ್ತ್ರದ ಯಾವ ವಾದ ಎದ್ದರೂ ಜನ ತೀರ್ಪಿಗೆ ಹೋಗುತ್ತಿದ್ದದ್ದು ಅವಳ ಹತ್ತಿರ, ಪಾದ್ರಿಗಳೂ ಹೋಗುತ್ತಿದ್ದರು. ಅವಳು ಉತ್ತರ ಕೊಟ್ಟು, ಇದು ನನ್ನದಲ್ಲ, ಜೆರೋಮ್ ಅಥವಾ ಇನ್ಯಾರೋ ಹೇಳಿದ್ದು ಅನ್ನುತ್ತಿದ್ದಳಂತೆ. ಹೆಂಗಸು ಉಪದೇಶಿಸಬಾರದು ಎಂಬ ಆ ವಚನ ಅವಳಿಗೆ ಗೊತ್ತಿತ್ತು. ಇದನ್ನು ಹೊಗಳುತ್ತಾ ಬರೆದವನು ಜೆರೋಮೇ. ನನಗೆ ಅದನ್ನು ಓದಿದಾಗ ಹೊಟ್ಟೆ ಉರಿಯುತ್ತದೆ. ಕೆಲಸ ಅವಳದು, ಹೆಸರು ಇನ್ನೊಬ್ಬರದು, ಹಾಗಾದಾಗ ದಾಖಲೆಯಲ್ಲಿ ಏನು ಉಳಿಯುತ್ತದೆ ಹೇಳಿ?

ಮಗ್ದಲದ ಮರಿಯಳ ಗತಿಯೂ ಅದೇ. 591ರಲ್ಲಿ ಪೋಪ್ ಗ್ರೆಗೊರಿ ತನ್ನ ಪ್ರಸಂಗದಲ್ಲಿ ಅವಳನ್ನು ಲೂಕ 7ರ ಪಾಪಿ ಹೆಂಗಸಿನ ಜೊತೆ, ಬೆಥಾನ್ಯದ ಮರಿಯಳ ಜೊತೆ ಸೇರಿಸಿ ಒಬ್ಬಳನ್ನಾಗಿ ಮಾಡಿದ. ಸಾಕ್ಷಿ ಹೇಳಿದವಳು ಪಶ್ಚಾತ್ತಾಪಪಟ್ಟ ವೇಶ್ಯೆಯಾಗಿ ಚಿತ್ರಗಳಲ್ಲಿ ಉಳಿದಳು. ಸುವಾರ್ತೆಯಲ್ಲಿ ಅದಕ್ಕೆ ಒಂದು ಅಕ್ಷರದ ಆಧಾರವಿಲ್ಲ. 1969ರಲ್ಲಿ ಕಥೋಲಿಕ ಪಂಚಾಂಗ ಅದನ್ನು ಸರಿ ಮಾಡಿತು, 2016ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈ 22ರ ಅವಳ ದಿನವನ್ನು ಅಪೊಸ್ತಲರ ಹಬ್ಬಗಳ ಮಟ್ಟಕ್ಕೆ ಏರಿಸಿದರು.

ಸಂಜೆಓದು ಉತ್ತರ:

ಮುಂದಿನ ಕೂಟದಲ್ಲಿ ರೋಮಾಪುರದ 16ನೇ ಅಧ್ಯಾಯವನ್ನು ಒಂದೊಂದೇ ಹೆಸರು ನಿಲ್ಲಿಸಿ ಓದೋಣ ಎಂದಿದ್ದೇನೆ, ಪಕ್ಕದಲ್ಲೇ 1 ತಿಮೊಥೆಯ 2 ಕೂಡ. ಪೆರ್ಪೆತುವಳ ಬರಹವನ್ನೂ ಸೇರಿಸುತ್ತೇನೆ. ಒಂದು ಕೊನೆಯ ಪ್ರಶ್ನೆ, ಪೌಲನ ಶಿಷ್ಯೆ ತೆಕ್ಲಳ ಕಥೆಯನ್ನೂ ತರಬಹುದಾ? ತಾನೇ ದೀಕ್ಷಾಸ್ನಾನ ತೆಗೆದುಕೊಂಡು ಬೋಧಿಸಿದಳು ಎಂದು ಓದಿದ್ದೆ.

ಕಲ್ಲಕ್ಷರ ಉತ್ತರ:

ತನ್ನಿ, ಆದರೆ ನಡೆದ ಘಟನೆ ಎಂದು ತರಬೇಡಿ. ಅದು ಎರಡನೇ ಶತಮಾನದಲ್ಲಿ ಹುಟ್ಟಿದ ಕಥೆ. ಏಷ್ಯಾ ಪ್ರಾಂತದ ಒಬ್ಬ ಸಭಾಹಿರಿಯ ಅದನ್ನು ಪೌಲನ ಮೇಲಿನ ಪ್ರೀತಿಯಿಂದ ಬರೆದೆ ಎಂದು ಒಪ್ಪಿಕೊಂಡು ಹುದ್ದೆ ಕಳೆದುಕೊಂಡ ಎಂದು ಕಾರ್ತೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಸುಮಾರು 200ರಲ್ಲಿ ಬರೆಯುತ್ತಾನೆ. ಅವನಿಗೆ ಅದನ್ನು ಬರೆಯಬೇಕಾಗಿ ಬಂದದ್ದು ಯಾಕೆಂದರೆ, ಕೆಲವು ಹೆಂಗಸರು ತೆಕ್ಲಳನ್ನು ತೋರಿಸಿ ನಾವೂ ಕಲಿಸುತ್ತೇವೆ, ನಾವೂ ದೀಕ್ಷಾಸ್ನಾನ ಕೊಡುತ್ತೇವೆ ಅನ್ನುತ್ತಿದ್ದರು. ಕಥೆಗಿಂತ ಆ ಹೆಂಗಸರ ಬಗ್ಗೆ ನಿಮ್ಮ ಗುಂಪಿನಲ್ಲಿ ಮಾತಾಡಿ.